ಚಾಫೆ ಗಿಡದ ಸೋಮವಾರ

ನಿವೃತ್ತಿಗೆ ಅರುವತ್ತಾಗಬೇಕು ಎಂದು ಸರ್ಕಾರ ನಂಬಿಕೊಂಡಿದೆ. ನಾನು ಮೂವತ್ತಮೂರಕ್ಕೇ ನಿವೃತ್ತನಾದೆ. ಶಾಲು, ಹಾರ, ತೆಂಗಿನಕಾಯಿ, ಕುರ್ಚಿಯಲ್ಲಿ ಕೂರಿಸಿ ಹೊಗಳುವ ಭಾಷಣ, ಯಾವುದಕ್ಕೂ ಕಡಿಮೆಯಾಗಲಿಲ್ಲ. ನಿಜ ಹೇಳಬೇಕೆಂದರೆ ಆ ಸಮಾರಂಭ ನನ್ನದಲ್ಲ, ನಮ್ಮ ಮಾಲೀಕ ಪುಂಡಲೀಕ ದಾದಾ ಅವರದು. ಕಾರವಾರದಿಂದ ಅಂಕೋಲೆಗೆ ಬರುವ ದಾರಿಯಲ್ಲಿದ್ದ ತಮ್ಮ ನರ್ಸರಿಯನ್ನು ಮಂಡಿನೋವು ತಾಳಲಾರದೆ ಅವರು ಮುಚ್ಚಿದರು. ಕೊನೆಯ ಕುಂಡ ಮಾರಿಹೋದ ದಿನ ಹಳೆಯ ಗಿರಾಕಿಗಳು ಸೇರಿ ಸನ್ಮಾನ ಇಟ್ಟುಕೊಂಡರು. ಯಾರದೋ ಗಡಿಬಿಡಿಯಲ್ಲಿ ಶಾಲು ಎರಡು ಬಂದಿತ್ತು. ಒಂದನ್ನು ದಾದಾ ನನ್ನ ಹೆಗಲಿಗೆಸೆದು, "ಇವನೂ ನಿವೃತ್ತ, ಇನ್ನು ಇವನನ್ನು ಯಾರು ಇಟ್ಕೊಳ್ತಾರೆ" ಎಂದರು. ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಬಿದ್ದ ಮೇಲೆ ಅದನ್ನು ವಾಪಸು ಮಾಡುವ ಕ್ರಮ ಇಲ್ಲ.

ನಾನು ಸುಬ್ರಾಯ, ಬೆಳಂಬಾರದವನು. ಈಗ ಮದುವೆ ಮನೆಗಳಲ್ಲಿ ಮೈಕು ಹಿಡಿದು ಮಿಮಿಕ್ರಿ ಮಾಡುತ್ತೇನೆ. ನರ್ಸರಿಯಲ್ಲಿದ್ದಾಗಲೂ ಮಾಡುತ್ತಿದ್ದದ್ದು ಅದನ್ನೇ. ಆಗ ಅದಕ್ಕೆ ಬೈಗುಳ ಸಿಗುತ್ತಿತ್ತು, ಈಗ ಊಟ ಸಿಗುತ್ತದೆ. ಹೊಸದಾಗಿ ನರ್ಸರಿ ಕೆಲಸಕ್ಕೆ ಸೇರುವ ಹುಡುಗರು, ಹುಡುಗಿಯರು ಆಗಾಗ ಫೋನ್ ಮಾಡಿ, ಅಣ್ಣಾ, ಮೊದಲು ಏನು ಕಲಿಯಬೇಕು ಎಂದು ಕೇಳುತ್ತಾರೆ. ನನ್ನನ್ನು ಅಣ್ಣ ಎಂದು ಕರೆಯುವವರು ಇಷ್ಟು ಬೇಗ ಹುಟ್ಟಿಕೊಂಡದ್ದಕ್ಕೆ ಸ್ವಲ್ಪ ಬೇಸರವಿದೆ. ಆದರೂ ಕೇಳಿದ್ದಾರೆ, ಹೇಳಬೇಕು. ಗುಲಾಬಿ, ದಾಸವಾಳದ ವಿಚಾರ ಹೇಳುವವರು ಊರೆಲ್ಲ ಇದ್ದಾರೆ. ನನಗೆ ಬುದ್ಧಿ ಕಲಿಸಿದ್ದು ಚಾಫೆ. ಅದೊಂದರ ಕತೆ ಹೇಳಿದರೆ ಉಳಿದದ್ದೆಲ್ಲ ಅದರೊಳಗೇ ಬರುತ್ತದೆ.

ಮೊದಲು ಹೆಸರು ಕಲಿಯಿರಿ. ನಮ್ಮಲ್ಲಿ ಕೊಂಕಣಿ ಮನೆಯವರು ಚಾಫೆ ಎನ್ನುತ್ತಾರೆ, ಅವರ ಬಾಯಿಂದ ನಮ್ಮ ಬಾಯಿಗೂ ಅದೇ ಬಂದಿದೆ. ಶಾಲೆ ಓದಿದವರು ದೇವಕಣಗಿಲೆ ಎನ್ನುತ್ತಾರೆ. ನೌಕಾದಳದ ಕಾಲೊನಿಯಿಂದ ಬರುವ ಮೇಡಂಗಳು ಮೂಗಿನಲ್ಲಿ ಸ್ವಲ್ಪ ಗಾಳಿ ಬಿಟ್ಟು ಫ್ರಾಂಜಿಪಾನಿ ಎನ್ನುತ್ತಾರೆ. ಸಮುದ್ರ ದಂಡೆಯಲ್ಲಿ ರೆಸಾರ್ಟ್ ಕಟ್ಟುವವರು ಪ್ಲುಮೇರಿಯಾ ಎಂದು ಬರೆದುಕೊಂಡು ಬರುತ್ತಾರೆ. ಎಲ್ಲರಿಗೂ ಕೊಡುವುದು ಒಂದೇ ಸಾಲಿನ ಗಿಡವನ್ನು. ದಾದಾ ಮಾತ್ರ ಹೆಸರು ಕೇಳಿದ ಮೇಲೆಯೇ ದರ ಹೇಳುತ್ತಿದ್ದರು.

ದಾದಾ ಕಾರವಾರದ ಕೊಂಕಣಿಯವರು. ಕನ್ನಡ ಮಾತಾಡಿದರೆ ನಡುನಡುವೆ ಒಂದೊಂದು 'ರೇ' ಉದುರುತ್ತಿತ್ತು. ಸಿಟ್ಟು ಬಂದಾಗ ಪೂರ್ತಿ ಕೊಂಕಣಿ, ಪ್ರೀತಿ ಬಂದಾಗಲೂ ಪೂರ್ತಿ ಕೊಂಕಣಿ. ಹಾಗಾಗಿ ಯಾವುದು ಬಂದಿದೆ ಎಂದು ಮುಖ ನೋಡಿ ತಿಳಿಯಬೇಕಾಗಿತ್ತು. ಅವರ ಮುಖ ಎರಡಕ್ಕೂ ಒಂದೇ.

ಚಾಫೆಯನ್ನು ಬೀಜದಿಂದ ಮಾಡುವುದು ಕಡಿಮೆ. ಗೆಲ್ಲು, ಅಂದರೆ ಕೊಂಬೆ, ಕಡಿದು ನೆಡುವುದು. ನನಗೆ ಕೆಲಸ ಕೊಟ್ಟ ಮೊದಲ ವಾರವೇ ದಾದಾ ಒಂದು ಹೊರೆ ಗೆಲ್ಲು ತಂದು ನೆರಳಲ್ಲಿಟ್ಟು, "ಹಾಲು ಆರ್ಲಿ ರೇ" ಎಂದು ಹೇಳಿ ಸಂತೆಗೆ ಹೋದರು. ಚಹಾಕ್ಕೆ ಕಾಸಿಟ್ಟ ಹಾಲಿನ ವಿಷಯ ಎಂದುಕೊಂಡು ನಾನು ಒಲೆ ಆರಿಸಿ ಬಂದೆ. ಬಂದವನು ಸುಮ್ಮನೆ ಕೂರಬೇಕಿತ್ತು. ಹೊಸ ಕೆಲಸದ ಹುರುಪು, ಗೆಲ್ಲುಗಳನ್ನೆಲ್ಲ ಒಂದೇ ಬೈಠಕ್ಕಿನಲ್ಲಿ ನೆಟ್ಟು ಕೊಡಗಟ್ಟಲೆ ನೀರು ಹೊಯ್ದೆ. ಗಾಯದ ಹಾಲು ಆರಿ, ಬಾಯಿ ಒಣಗಿ, ಚರ್ಮ ಕಟ್ಟಿದ ಮೇಲೆ ನೆಡಬೇಕು ಎನ್ನುವುದು ಅವರ ಮಾತಿನ ಅರ್ಥವಾಗಿತ್ತು. ಸ್ವಲ್ಪ ದಿನದಲ್ಲಿ ಎಲ್ಲ ಗೆಲ್ಲುಗಳೂ ಬುಡದಿಂದ ಕೊಳೆತು ಕಳಿತ ಬಾಳೆಹಣ್ಣಿನ ಹಾಗಾದವು. ದಾದಾ ಒಂದನ್ನು ಎತ್ತಿ ಹಿಚುಕಿ ನೋಡಿ, ಇದಕ್ಕೆ ಸಕ್ಕರೆ ಹಾಕಿ ಶಿಕರಣಿ ಮಾಡಿಕೊಂಡು ನೀನೇ ತಿನ್ನು ಎಂದರು. ಅಂದಿನಿಂದ ನನಗೆ ನರ್ಸರಿಯಲ್ಲಿ ಶಿಕರಣಿ ಎಂದೇ ಹೆಸರು.

ಚಾಫೆಗೆ ನೀರು ಕೊಡುವುದು ಕಲಿಯುವುದು ಸುಲಭ, ಕೊಡದೆ ಇರುವುದನ್ನು ಕಲಿಯುವುದು ಕಷ್ಟ. ಜನರ ಕೈ ಸುಮ್ಮನಿರುವುದಿಲ್ಲ. ಒಂದು ಚಳಿಗಾಲ ಕಾರವಾರದ ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರು ಸ್ಕೂಟರಿನ ಕಾಲಿಡುವ ಜಾಗದಲ್ಲಿ ಕುಂಡ ಇಟ್ಟುಕೊಂಡು ಬಂದರು. ಕುಂಡದಲ್ಲಿ ಎಲೆಯೇ ಇಲ್ಲದ ಒಂದು ಬೋಳು ಕಡ್ಡಿ. ಗಂಟಲು ಸರಿಮಾಡಿಕೊಂಡು, ಹಿಂದಿನ ಸಾಲ ವಸೂಲಿಯ ದನಿಯಲ್ಲಿ, ನಿಮ್ಮ ಗಿಡ ನಮ್ಮಲ್ಲಿ ತೀರಿಕೊಂಡಿದೆ ಎಂದರು. ದಾದಾ ಹೆಬ್ಬೆರಳ ಉಗುರಿನಿಂದ ತೊಗಟೆ ಕೆರೆದರು. ಒಳಗೆ ಹಸಿರು, ಅದರ ಮೇಲೊಂದು ಹಾಲಿನ ಹನಿ.

"ತೀರಿಕೊಂಡಿಲ್ಲ ಸಾಹೇಬ್ರೆ, ರಜೆ ಹಾಕಿದೆ" ಎಂದರು ದಾದಾ. "ಚಳಿಗಾಲಕ್ಕೆ ಎಲ್ಲಾ ಎಲೆ ಉದುರ್ಸಿ ಮಲಗ್ತದೆ ಅದು."

ಮ್ಯಾನೇಜರು ಕನ್ನಡಕ ಏರಿಸಿ ಕುಂಡವನ್ನು ನೋಡಿ, "ಅರ್ಜಿ ಕೊಡದೆ ಹೇಗೆ ಹಾಕ್ತು?" ಎಂದರು.

ಅವರು ತಮಾಷೆಗೆ ಕೇಳಿದರೋ ನಿಜವಾಗಿಯೇ ಕೇಳಿದರೋ ಇವತ್ತಿಗೂ ಗೊತ್ತಿಲ್ಲ. ಈ ಮಾತನ್ನು ಅವರದೇ ದನಿಯಲ್ಲಿ ನಾನು ಎಷ್ಟೋ ಮದುವೆ ಮನೆಗಳಲ್ಲಿ ಹೇಳಿ ನಗಿಸಿದ್ದೇನೆ. ಒಮ್ಮೆ ಮುಂದಿನ ಸಾಲಿನಲ್ಲಿ ಅವರೇ ಕೂತಿದ್ದರು. ಎಲ್ಲರಿಗಿಂತ ಜೋರಾಗಿ ನಕ್ಕು, ಪಕ್ಕದವರಿಗೆ, ಇಂಥ ಜನ ಇರ್ತಾರೆ ನೋಡಿ ಎಂದರಂತೆ. ಅನುಕರಣೆ ಮಾಡುವವನಿಗೆ ಇದೊಂದು ಸೌಕರ್ಯ. ತನ್ನ ದನಿ ಹೇಗಿದೆ ಎನ್ನುವುದು ಯಾರಿಗೂ ಗೊತ್ತಿರುವುದಿಲ್ಲ.

ಮಧ್ಯಾಹ್ನ ದಾದಾ ಮನೆಗೆ ಊಟಕ್ಕೆ ಹೋದಾಗ ನರ್ಸರಿಯ ಫೋನು ನನ್ನ ವಶ. ಗಿರಾಕಿಗಳಿಗೆ ಮಾಲೀಕರೇ ಬೇಕು, ಕೆಲಸದವನ ಮಾತಿಗೆ ಬೆಲೆ ಇಲ್ಲ. ಹಾಗಾಗಿ ನಾನು ದಾದಾ ಆಗುತ್ತಿದ್ದೆ. ಅದೇ ಕೆಮ್ಮು, ಅದೇ 'ರೇ'. ಒಂದು ದಿನ ಫೋನು ಬಂತು, ನಾನು ದಾದಾ ದನಿಯಲ್ಲಿ, "ಹಾಂ, ಪುಂಡಲೀಕ, ಬೋಲಾ" ಎಂದೆ. ಆ ಕಡೆಯಿಂದಲೂ ಅದೇ ದನಿ ಕೇಳಿತು: "ನಾನು ಅಲ್ಲೇ ಇದ್ದೇನಾ? ಹಂಗಾದ್ರೆ ಇಲ್ಲಿ ಕೂತು ಬಂಗಡೆ ತಿಂತಾ ಇರೋದು ಯಾರು ರೇ?"

ಕೆಲಸ ಹೋಯಿತು ಎಂದುಕೊಂಡೆ. ದಾದಾ ಬಂದು, ಕೆಮ್ಮು ಅಷ್ಟು ಉದ್ದ ಇಲ್ಲ, ಸ್ವಲ್ಪ ಕಡಿಮೆ ಮಾಡು ಎಂದು ಮಾತ್ರ ಹೇಳಿದರು.

ಆಮೇಲೆ ವಾಟ್ಸಾಪ್ ಬಂತು. ಅದಕ್ಕೆ ಮೊದಲು ಗಿಡದ ಕಾಯಿಲೆ ಹೇಳಲು ಜನ ಗಿಡದ ಹತ್ತಿರ ಕರೆದುಕೊಂಡು ಹೋಗುತ್ತಿದ್ದರು, ಚಹಾ ಕೊಡುತ್ತಿದ್ದರು. ಈಗ ಒಂದೇ ಎಲೆಯ ಪಾಸ್‌ಪೋರ್ಟ್ ಫೋಟೋ ತೆಗೆದು ಕಳಿಸಿ, ಏನಾಗಿದೆ ಹೇಳಿ ಎನ್ನುತ್ತಾರೆ. ಎಲೆ ಇರುವುದು ಬಿಸಿಲಲ್ಲೋ, ಮನೆಯ ಮಾಡಿನ ನೆರಳಲ್ಲೋ, ಪಕ್ಕದಲ್ಲಿ ಬಚ್ಚಲ ನೀರು ಹರಿಯುತ್ತದೋ, ಯಾವುದೂ ಕಾಣುವುದಿಲ್ಲ. ಕಸಿ ಮಾಡಿದ ಬಣ್ಣ ಬಣ್ಣದ ಚಾಫೆಗಳೂ ಬಂದವು. ಮೊಬೈಲಿನಲ್ಲಿ ಯಾರೋ ಬಣ್ಣ ತುಂಬಿದ ಚಿತ್ರ ತೋರಿಸಿ ನೀಲಿ ಚಾಫೆ ಕೊಡಿ ಎಂದು ಹಟ ಹಿಡಿದವರಿಗೆ ದಾದಾ, ಬಿಳಿಯದನ್ನು ಒಯ್ದು ಶಾಯಿ ಹಾಕಿ ಎಂದು ಹೇಳಿ ಕಳಿಸಿದರು. ಹೊಸದನ್ನು ನಾನು ಹಳಿಯುತ್ತಿಲ್ಲ. ವಾಟ್ಸಾಪಿನಿಂದಲೇ ಲತಕ್ಕ ಸಿಕ್ಕಿದ್ದು.

ಲತಕ್ಕ ಅಂಕೋಲೆ ಕಡೆಯ ಅವರ್ಸಾ ಊರಿನ ಸೊಸೆ. ತವರು ಕಾರವಾರ. ಅವರ ತಾಯಿ ಇದ್ದದ್ದು ಬಾಡಿಗೆ ಮನೆಯಲ್ಲಿ, ಆ ಅಂಗಳದಲ್ಲೊಂದು ದೊಡ್ಡ ಚಾಫೆ ಮರ. ಮನೆಯೊಡೆಯರು ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿದಾಗ ಮರವೂ ಹೋಯಿತು. ಹೋಗುವ ಮೊದಲು ಲತಕ್ಕ ಒಂದು ಗೆಲ್ಲು ಕಡಿದು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದು ಗಂಡನ ಮನೆಯ ಅಂಗಳದಲ್ಲಿ ನೆಟ್ಟರು. ಗಿಡ ಎದ್ದು ನಿಂತಿತು. ನಿಂತದ್ದೇನು, ಮಾಡಿಗಿಂತ ಎತ್ತರ ಹೋಯಿತು. ಆದರೆ ನಾಲ್ಕು ವರ್ಷದಲ್ಲಿ ಒಂದೇ ಒಂದು ಹೂ ಬಿಡಲಿಲ್ಲ.

ವಾಟ್ಸಾಪಿನಲ್ಲಿ ಅವರ ಮಾತು ಕೇಳಿ ನಾನೂ ದಾದಾ ಅವರೂ ಸ್ಕೂಟರ್ ಹತ್ತಿ ಹೋದೆವು. ಅಂಥ ಗಿಡವನ್ನು ನಾನು ನೋಡಿರಲಿಲ್ಲ. ಒಂದೊಂದು ಎಲೆಯೂ ಮೊಣಕೈ ಉದ್ದ, ಕಡು ಹಸಿರು, ಹೊಳಪು. ಪೈಲ್ವಾನನ ಹಾಗೆ ಎದೆ ಸೆಟೆಸಿ ನಿಂತಿತ್ತು. ಇಷ್ಟು ಆರೋಗ್ಯ ಒಳ್ಳೆಯದಲ್ಲ ಎಂದರು ದಾದಾ. ವರ್ಷ ವರ್ಷ ತುದಿ ಕಡಿಯುತ್ತೀರಾ ಎಂದು ಕೇಳಿದರು, ಚಾಫೆ ಹೂ ಬಿಡುವುದು ಗೆಲ್ಲಿನ ತುದಿಯಲ್ಲಿ, ತುದಿ ಕಡಿದರೆ ಹೂ ಎಲ್ಲಿಂದ ಬರಬೇಕು. ಕಡಿಯುವುದಿಲ್ಲ ಎಂದರು ಲತಕ್ಕ. ದಾದಾ ಬಿಸಿಲು ನೋಡಿದರು, ಬೆಳಿಗ್ಗೆಯಿಂದ ಸಂಜೆಯವರೆಗೆ ಬೀಳುತ್ತಿತ್ತು. ನೀರು ನಿಲ್ಲುತ್ತದಾ ಎಂದರೆ ಇಲ್ಲ, ಮರಳು ಮಣ್ಣು. ಗೊಬ್ಬರ ಏನು ಎಂದರೆ, ಎಂತದೂ ಇಲ್ಲ ಎಂದರು ಒಳಗಿನಿಂದ ಲತಕ್ಕನ ಅತ್ತೆ. ದಾದಾ ತಲೆ ಕೆರೆದು, ಸ್ವಲ್ಪ ಎಲುಬಿನ ಪುಡಿ, ಸ್ವಲ್ಪ ಬೂದಿ ಹಾಕಿ, ಮಳೆ ಬಿಟ್ಟ ಮೇಲೆ ನೀರು ಕೊಡುವುದನ್ನು ನಿಲ್ಲಿಸಿ ಎಂದು ಹೇಳಿದರು. ಮುಂದಿನ ವರ್ಷ ಎಲೆ ಇನ್ನೂ ಉದ್ದವಾಯಿತು. ಹೂ ಇಲ್ಲ.

ಅಷ್ಟರಲ್ಲಿ ಲತಕ್ಕನ ಗಂಡ ದಾಮೋದರ ಕಾರು ಕೊಂಡ. ಕಾರವಾರದಲ್ಲಿ ನೌಕರಿ, ದಿನಾ ಬಸ್ಸಿನಲ್ಲಿ ನಿಂತು ನಿಂತು ಸಾಕಾಗಿತ್ತು ಅವನಿಗೆ. ಕಾರಿಗೆ ಶೆಡ್ ಬೇಕು, ಅಂಗಳದಲ್ಲಿ ಉಳಿದ ಜಾಗವೆಲ್ಲ ತೆಂಗಿನ ಮರದ ಕೆಳಗೆ. ಕಾಯಿ ಬಿದ್ದರೆ ಹೊಸ ಕಾರಿನ ತಲೆ ಒಡೆಯುತ್ತದೆ. ತೆರೆದ ಜಾಗ ಒಂದೇ, ಅಲ್ಲಿ ಚಾಫೆ. ದಾಮೋದರ ಕೆಟ್ಟವನಲ್ಲ, ಹೆಂಡತಿಗೆ ಅಂಜುವ ಸಭ್ಯ. ಮುಂದಿನ ಮಳೆ ಹಿಡಿಯುವುದರೊಳಗೆ ಹೂ ಬಿಟ್ಟರೆ ಗಿಡ ಇರಲಿ, ಇಲ್ಲದಿದ್ದರೆ ಶೆಡ್, ಎಂದು ಒಪ್ಪಂದವಾಯಿತು. ಅಂದಿನಿಂದ ಪ್ರತಿ ರವಿವಾರ ಅವನು ಟೇಪು ಹಿಡಿದು ಗಿಡದ ಸುತ್ತ ಅಳೆಯುತ್ತಿದ್ದ.

ಬೇಕಾದರೆ ಒಂದು ಗೆಲ್ಲು ಕಡಿದು ಬೇರೆ ಕಡೆ ನೆಡಬಹುದಲ್ಲ ಎಂದು ನಾನು ಲತಕ್ಕನಿಗೆ ಹೇಳಿದೆ. ಅವರು, "ಎಲ್ಲಿ ನೆಡ್ಲಿ ಸುಬ್ರಾಯ? ಐದು ವರ್ಷ ನಿಂತು ಹೂ ಬಿಡದ ಗಿಡದ ಗೆಲ್ಲಿಗೆ ಈ ಮನೇಲಿ ಎರಡನೇ ಸಲ ಯಾರು ಜಾಗ ಕೊಡ್ತಾರೆ? ಅಮ್ಮನ ಮನೆಯದು ಅಂತ ಉಳ್ದದ್ದು ಇದೊಂದೇ" ಎಂದರು. ನಾನು ಆ ದಿನ ಯಾರ ದನಿಯನ್ನೂ ತೆಗೆಯಲಿಲ್ಲ.

ದೀಪಾವಳಿ ಕಳೆದ ಮೇಲೆ ಮತ್ತೊಮ್ಮೆ ಅವರ್ಸಾಕ್ಕೆ ಹೋದೆ. ದಾದಾ ಮಂಡಿನೋವೆಂದು ಬರಲಿಲ್ಲ. ಮತ್ತೆ ಅದೇ ಪ್ರಶ್ನೆ, ಅದೇ ಉತ್ತರ. ಲತಕ್ಕ ಮುಖ ಬಾಡಿಸಿಕೊಂಡು ಮೆಟ್ಟಿಲ ಮೇಲೆ ಕೂತಿದ್ದರು. ದಾಮೋದರನ ತಾಯಿ ಹೊನ್ನಮ್ಮ ಬಾಗಿಲಲ್ಲಿ ನಿಂತಿದ್ದರು. ನಾವೆಲ್ಲ ಅವರನ್ನು ಆಯಿ ಎನ್ನುತ್ತಿದ್ದೆವು. ಆಯಿಗೆ ಗಿಡವೆಂದರೆ ಆಗದು ಎಂದೇ ನನ್ನ ಎಣಿಕೆ. ಎಲೆ ಮಾತ್ರ ಕಂಡಾಪಟ್ಟೆ, ಊಟಕ್ಕೆ ಹಾಕುಕಾದ್ರೂ ಬರ್ಬೇಕಿತ್ತು ಎಂದು ಎಲ್ಲರೆದುರು ಗೊಣಗುತ್ತಿದ್ದರು.

ವಾತಾವರಣ ತೀರಾ ಬಿಗಿದಾಗ ನನಗೆ ಗೊತ್ತಿರುವ ಮದ್ದು ಒಂದೇ. ಆಯಿ, ನಿಮ್ಮದೊಂದು ದಿನ ಮಾಡಿ ತೋರಿಸ್ಲಾ ಎಂದೆ. ಟವೆಲ್ಲನ್ನು ಸೆರಗಿನ ಹಾಗೆ ಸಿಕ್ಕಿಸಿಕೊಂಡೆ. ಬೆಳಿಗ್ಗೆ ಸೊಂಟ ಹಿಡಿದುಕೊಂಡು ಏಳುವ ಆಯಿ, ಮಗನನ್ನು ಎಬ್ಬಿಸುವ ಆಯಿ, ಕಾರಿನ ಮೇಲೆ ಕೂತ ಕಾಗೆಗೆ ಶಾಪ ಹಾಕುವ ಆಯಿ. ಲತಕ್ಕನ ತುಟಿ ಅಲುಗಿತು. ಮೀನು ಮಾರುವವಳು ಬುಟ್ಟಿ ಇಳಿಸುತ್ತಾಳೆ, ಆಯಿ ಬಂಗಡೆಯ ಕಿವಿರು ಎತ್ತಿ ನೋಡಿ, ಇದು ನಿನ್ನೆಯದು ಎನ್ನುತ್ತಾರೆ. ಮೀನಿನವಳು, ಹಂಗಾರೆ ನಾಳೆದು ತಿನ್ನು ಎನ್ನುತ್ತಾಳೆ. ಆಯಿಯೂ ನಗಲು ಶುರು ಮಾಡಿದರು. ಈಳಿಗೆಮಣೆಯಲ್ಲಿ ಕೂತು ಮೀನು ಕೊಯ್ದೆ, ತೊಳೆದೆ, ತೊಳೆದ ನೀರಿನ ಚರಿಗೆ ಎತ್ತಿಕೊಂಡು ಬಾವಿಕಟ್ಟೆಯ ಬಳಿಯ ಬಸಳೆ ಚಪ್ಪರಕ್ಕೆ ಹೋಗಿ ಚೆಲ್ಲುವ ಹಾಗೆ ಮಾಡಿದೆ. ಕರಾವಳಿಯಲ್ಲಿ ಮೀನು ತೊಳೆದ ನೀರನ್ನು ಯಾರಾದರೂ ಬಚ್ಚಲಿಗೆ ಚೆಲ್ಲುತ್ತಾರೆಯೇ? ಬಸಳೆಗೆ, ತೆಂಗಿಗೆ, ಅದಕ್ಕೇ ಮೀಸಲು.

ಆಯಿ ನಗು ನಿಲ್ಲಿಸಿದರು. "ತಮಾ, ಅದೊಂದು ತಪ್ಪಿತು. ನಾ ಬಸಳೆಗೆ ಚೆಲ್ಲುದಿಲ್ಲ."

"ಮತ್ತೆ ಎಲ್ಲಿಗೆ?"

"ಚಾಫೆ ಬುಡಕ್ಕೆ."

ನಾನು ಟವೆಲ್ಲಿನ ಸೆರಗು ಹಿಡಿದುಕೊಂಡೇ ನಿಂತೆ. ದಿನಾನಾ ಎಂದು ಕೇಳಿದೆ. ಮೀನಿದ್ದ ದಿನವೆಲ್ಲಾ ಎಂದರು. ನಮ್ಮಲ್ಲಿ ಮೀನಿಲ್ಲದ ದಿನ ಎಷ್ಟು, ಹೇಳಿ. ಮಳೆಗಾಲದಲ್ಲಿ ಹಸಿ ಮೀನು ಸಿಗದಿದ್ದರೆ ಒಣಮೀನು ನೆನೆಸಿದ ನೀರು. ಗೊಬ್ಬರ ಏನು ಎಂದು ದಾದಾ ಕೇಳಿದಾಗ ಆಯಿ ಸುಳ್ಳು ಹೇಳಿರಲಿಲ್ಲ. ಗೊಬ್ಬರ ಎಂದರೆ ಅಂಗಡಿಯದು, ಇಲ್ಲವೆ ಕೊಟ್ಟಿಗೆಯದು. ಮೀನು ತೊಳೆದ ನೀರು ಗೊಬ್ಬರವೂ ಅಲ್ಲ, ನೀರೂ ಅಲ್ಲ, ಅದು ಮೀನು ತೊಳೆದ ನೀರು. ಬೆಳಂಬಾರದ ನಮ್ಮ ಮನೆಯಲ್ಲಿ ನನ್ನ ಅವ್ವ ಚೆಲ್ಲುವುದನ್ನು ಹುಟ್ಟಿದಾಗಿನಿಂದ ನೋಡಿದ ನನಗೂ ಅದನ್ನು ಕೇಳಬೇಕೆಂದು ಹೊಳೆದಿರಲಿಲ್ಲ. ದಿನಾ ಬಂಗಡೆ ತಿನ್ನುವ ದಾದಾಗೂ ಹೊಳೆದಿರಲಿಲ್ಲ.

ಲತಕ್ಕ ಅತ್ತೆಯನ್ನೇ ನೋಡುತ್ತಿದ್ದರು. "ಅತ್ತೇ, ಬಸಳೆಗೆ ಬಿಟ್ಟು ಇದಕ್ಕೆಂತಕ್ಕೆ ಹಾಕಿದ್ರಿ?"

ಆಯಿ ಮುಖ ಪಕ್ಕಕ್ಕೆ ತಿರುಗಿಸಿದರು. "ನೀ ಬೆಳಿಗ್ಗೆ ಎದ್ದು ಮೊದ್ಲು ಅದ್ರ ತುದಿ ನೋಡ್ತೆ, ಆಮೇಲೆ ಮುಖ ತೊಳೀತೆ. ನಾ ನೋಡುದಿಲ್ವಾ? ಬಸಳೆ ಎಲ್ಲಿ ಬೇಕಾರೂ ಹುಟ್ತದೆ. ಒಳ್ಳೇದು ಇದ್ಕೇ ಹೋಗ್ಲಿ ಅಂದೆ."

ಲತಕ್ಕ ಒಳಗೆ ಹೋಗಿ ಎಲ್ಲರಿಗೂ ಚಹಾ ತಂದರು. ಆಯಿಯ ಲೋಟದಲ್ಲಿ ಮಾತ್ರ ಕೆನೆ ಇತ್ತು.

ಈಗ ಹೇಳುವ ಕೆಲಸ ನನ್ನದು. ಮೀನಿನ ನೀರಿನಲ್ಲಿ ಎಲೆ ಬೆಳೆಸುವ ಸತ್ವ ಹೆಚ್ಚು, ಹೊಟ್ಟೆ ತುಂಬಿದ ಚಾಫೆಗೆ ಹೂ ಬಿಡುವ ನೆನಪೇ ಬರುವುದಿಲ್ಲ, ಅದಕ್ಕೆ ಸ್ವಲ್ಪ ಬಾಯಾರಿಕೆ, ಸ್ವಲ್ಪ ಹಸಿವು, ತುಂಬ ಬಿಸಿಲು ಬೇಕು ಎಂದು ವಿವರಿಸಿದೆ. ನಾನು ಅಷ್ಟು ಗಂಭೀರವಾಗಿ ಮಾತಾಡಿದ್ದು ಆಯಿಗೆ ಹಿಡಿಸಲಿಲ್ಲ. ಇದು ಯಾರ ದನಿ ಎಂದು ಕೇಳಿದರು. ನನ್ನದೇ ಎಂದೆ. ಚೆನ್ನಾಗಿಲ್ಲ ಎಂದರು. ಆಮೇಲೆ ಸ್ವಲ್ಪ ಯೋಚಿಸಿ, ಅವರೇ ಅದನ್ನು ತಮ್ಮ ಮಾತಿಗೆ ತಂದುಕೊಂಡರು.

"ಅಂದ್ರೆ ಅದ್ಕೆ ಸೋಮಾರ ಹಿಡಿಸ್ಬೇಕು."

ಸೋಮವಾರ ನಮ್ಮ ಮನೆಗಳಲ್ಲಿ ಮೀನು ಒಳಗೆ ಬರುವುದಿಲ್ಲ. ಹೌದು ಆಯಿ, ದಿನಾ ಸೋಮವಾರ ಎಂದೆ. ಆಯಿ ಗಿಡವನ್ನು ಅಡಿಯಿಂದ ಮುಡಿಯವರೆಗೆ ಕನಿಕರದಿಂದ ನೋಡಿದರು.

ಮುಂದಿನ ತಿಂಗಳುಗಳಲ್ಲಿ ಕಷ್ಟಪಟ್ಟದ್ದು ಗಿಡವಲ್ಲ, ಆಯಿ. ಚಳಿಗೆ ಎಲೆ ಹಳದಿಯಾಗಿ ಒಂದೊಂದೇ ಉದುರಿದಾಗ ಅವರು ಸೊಸೆಗೆ ಕೇಳದ ಹಾಗೆ ಹಿತ್ತಿಲಿಗೆ ಹೋಗಿ ನನಗೆ ಫೋನ್ ಮಾಡಿದರು. ಉಪವಾಸ ಬಿದ್ದು ಸಾಯ್ತಾ ಅದೆ, ಅರ್ಧ ಚರಿಗೆ ಹಾಕ್ಲಾ ಎಂದು ಪಿಸುಗುಟ್ಟಿದರು. ಉಗುರಲ್ಲಿ ಕೆರೆದು ನೋಡಿ ಎಂದೆ. ಹಸಿರಿದೆ ಎಂದರು. ಹಾಗಾದರೆ ಮಲಗಿದೆ, ಎಬ್ಬಿಸಬೇಡಿ ಎಂದೆ. ವಾರಕ್ಕೊಮ್ಮೆ ಇದೇ ಫೋನು. ಕೆರೆದು ಕೆರೆದು ಗಿಡದ ಮೈಮೇಲೆ ಉಗುರಿನ ಗೆರೆಗಳೇ ತುಂಬಿಹೋದವು. ಮನೆಗೆ ಬಂದವರಿಗೆಲ್ಲ ಆಯಿ, ನಮ್ಮ ಚಾಫೆ ಈಗ ಮೀನು ಬಿಟ್ಟದೆ ಎಂದು ಹೇಳಿಕೊಳ್ಳುತ್ತಿದ್ದರಂತೆ.

ಬೇಸಿಗೆ ಏರಿತು. ಬೋಳು ಗೆಲ್ಲುಗಳು ಬಿಸಿಲಿಗೆ ಕಾದವು. ಏಪ್ರಿಲ್ ಹೊತ್ತಿಗೆ ಮೂರು ನಾಲ್ಕು ತುದಿಗಳಲ್ಲಿ ಏನೋ ಉಬ್ಬಿಕೊಂಡಿತು. ಅದು ಕಂಡ ವಾರವೇ, ರವಿವಾರದಂದು, ಶೆಡ್ಡಿನ ಕೆಲಸದವನು ಅಳತೆಗೆ ಬರುವವನಿದ್ದ. ಲತಕ್ಕ ಫೋನ್ ಮಾಡಿ ಒಂದೇ ಮಾತು ಹೇಳಿದರು, ಬಾ.

ಹೋದಾಗ ಕೆಲಸದವನು ಅಂಗಳದಲ್ಲಿ ಕಬ್ಬಿಣದ ಪೈಪಿನ ದಪ್ಪ ಹೇಳುತ್ತಿದ್ದ, ದಾಮೋದರ ಕೇಳುತ್ತಿದ್ದ, ಲತಕ್ಕ ಗಿಡಕ್ಕೆ ಒರಗಿ ನಿಂತಿದ್ದರು. ಉಬ್ಬಿದ್ದು ಹೂವೋ ಎಲೆಯೋ ಹೇಳಬೇಕು. ಮೊದಲಿಗೆ ಎರಡೂ ಒಂದೇ ಥರ ಕಾಣುತ್ತವೆ. ಏಣಿ ಹತ್ತಿ ನೋಡಿದೆ. ಗೊತ್ತಾಗಲಿಲ್ಲ. ಕೆಳಗೆ ಆಯಿ ಸೇರಿ ನಾಲ್ಕು ಜನ ಮುಖ ಎತ್ತಿ ನಿಂತಿದ್ದಾರೆ. ಇಂಥ ಹೊತ್ತಲ್ಲಿ ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಹೇಳಬಾರದು. ಹೊಸಬರು ಇದನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ದಾದಾಗೆ ವೀಡಿಯೋ ಕಾಲ್ ಮಾಡಿದೆ.

"ಹತ್ತಿರ ಹಿಡಿ ರೇ" ಎಂದರು ದಾದಾ. ಹಿಡಿದೆ. "ಇನ್ನೂ ಹತ್ತಿರ. ಹಾಂ, ಇದು ಕಪ್ಪಗೆ ಉದ್ದ ಇದೆ, ಹೂ ಅಲ್ಲ."

"ದಾದಾ, ಅದು ನನ್ನ ಮೂಗು."

ಕ್ಯಾಮೆರಾ ತಿರುಗಿಸಿದೆ. ನೆಟ್‌ವರ್ಕ್ ನಿಂತು ನಿಂತು ಬರುತ್ತಿತ್ತು. ನೆಟ್ಟಗೆ ಸೂಜಿಯ ಹಾಗೆ ಒಂದೊಂದೇ ಎದ್ದರೆ ಎಲೆ, ಬೆಕ್ಕಿನ ಪಂಜದ ಹಾಗೆ ಗುಂಪಾಗಿ ಮುದುಡಿಕೊಂಡಿದ್ದರೆ ಹೂ, ಮುಟ್ಟಿ ನೋಡು ಎಂದರು. ಮುಟ್ಟಿದೆ. ಪುಟ್ಟ ಪುಟ್ಟ ಗಂಟುಗಳು, ಒಂದರ ಪಕ್ಕ ಒಂದು, ಮೆತ್ತಗೆ. ಬೆಕ್ಕಿನ ಪಂಜ ಎಂದು ಮೇಲಿನಿಂದಲೇ ಕೂಗಿದೆ. ಕೆಳಗಿದ್ದ ಯಾರಿಗೂ ಅರ್ಥವಾಗಲಿಲ್ಲ. ಶೆಡ್ಡಿನವನು ಬೆಕ್ಕು ಎಲ್ಲಿ ಎಂದು ಸುತ್ತ ನೋಡಿದ.

"ಹೂವು" ಎಂದೆ.

ದಾಮೋದರ ಟೇಪನ್ನು ಸುರುಳಿ ಸುತ್ತಿ ಕಿಸೆಗೆ ಹಾಕಿಕೊಂಡ. ಶೆಡ್ಡಿನವನಿಗೆ, ಈಗ ಬೇಡ ಮಾರಾಯಾ, ನೋಡುವಾ ಎಂದು ಹೇಳಿ ಚಹಾ ಕುಡಿಸಿ ಕಳಿಸಿದ. ಆಮೇಲೆ ತಾನೂ ಏಣಿ ಹತ್ತಿದ, ಇಳಿದ, ಮತ್ತೆ ಹತ್ತಿದ. ಅಂದಿನಿಂದ ಬೆಳಿಗ್ಗೆ ಮುಖ ತೊಳೆಯುವ ಮೊದಲು ಗಿಡ ನೋಡುವವರು ಆ ಮನೆಯಲ್ಲಿ ಮೂವರಾದರು.

ಹೂ ಅರಳಿದ ದಿನ ನರ್ಸರಿಗೆ ಮೂರು ಫೋನು ಬಂದವು, ಮೂರೂ ಒಂದೇ ಮನೆಯಿಂದ. ನಾನು ಸಂಜೆ ಹೋದೆ. ದಾದಾ ಕೂಡ ಮಂಡಿಗೆ ಪಟ್ಟಿ ಕಟ್ಟಿಕೊಂಡು ರಿಕ್ಷಾದಲ್ಲಿ ಬಂದರು. ಒಂದೇ ಗೊಂಚಲಿನಲ್ಲಿ ಐದಾರು ಹೂ, ಮೊಗ್ಗು ಇನ್ನೆಷ್ಟೋ. ತಮ್ಮ ಅಮ್ಮನ ಮನೆಯದು ನಡುವಿನ ಹಳದಿ ಬಿಟ್ಟರೆ ಅಚ್ಚ ಬಿಳಿ ಎಂದೇ ಲತಕ್ಕ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದರು. ಇದಕ್ಕೆ ಎಸಳಿನ ಹಿಂಬದಿಯಲ್ಲಿ ತೆಳುವಾಗಿ ಗುಲಾಬಿ. ಗಿಡ ಬದಲಾಯಿತೇ ಎಂದು ದಾಮೋದರ ಕೇಳಿದ. ಲತಕ್ಕ ಬಿದ್ದ ಹೂವೊಂದನ್ನು ಎತ್ತಿ ಮೂಸಿದರು, ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇಲ್ಲ. ಇದೇ. ಅಮ್ಮ ತನ್ನ ಜಡೆಗೆ ಸಿಕ್ಕಿಸುವಾಗ ನಂಗೆ ಹಿಂದಿನ ಬದಿ ಕಾಣ್ತಾ ಇರ್ಲಿಲ್ಲ, ಅಷ್ಟೇ" ಎಂದರು.

ಹೇಳಿ, ಆ ಹೂವನ್ನು ಅತ್ತೆಯ ತುರುಬಿಗೆ ಸಿಕ್ಕಿಸಿದರು. ಹಿಂದಿನ ಬದಿ ಎಲ್ಲರಿಗೂ ಕಾಣುವ ಹಾಗೆ.

ದಾಮೋದರ ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿ ಮೇಲೆ ನೀಲಿ ತಾಡಪಾಲು ಹೊದೆಸಿದ್ದ. ಶೆಡ್ಡಿಗೆ ಬೇರೆ ಕಡೆ ನೋಡಬೇಕು ಎಂದು ಯಾರೂ ಕೇಳದಿದ್ದರೂ ಎರಡು ಸಲ ಹೇಳಿದ. ದಾದಾ ಕುರ್ಚಿಯಲ್ಲಿ ಕೂತು ಗಿಡವನ್ನು ನೋಡಿ ಕೊಂಕಣಿಯಲ್ಲಿ ಏನೋ ಹೇಳಿದರು. ಆ ದಿನ ಮುಖ ನೋಡದೆಯೂ ಅದು ಯಾವುದೆಂದು ತಿಳಿಯಿತು. ಸಂತೋಷಕ್ಕೆಂದು ಆಯಿ ಆ ಸಂಜೆ ದೊಡ್ಡ ದೊಡ್ಡ ಬಂಗಡೆ ತರಿಸಿದ್ದರು. ನಮ್ಮನ್ನು ಊಟಕ್ಕೆ ನಿಲ್ಲಿಸಿಕೊಂಡು ಹಿತ್ತಿಲಲ್ಲಿ ಕೂತು ಮೀನು ಕೊಯ್ದು ತೊಳೆದರು. ತೊಳೆದ ನೀರಿನ ಚರಿಗೆ ಹಿಡಿದು ಅಂಗಳಕ್ಕೆ ಬಂದು ನಮ್ಮ ಮುಖಗಳನ್ನು ನೋಡುತ್ತ ನಿಂತರು.

"ಇಷ್ಟು ಹೂ ಕೊಟ್ಟದೆ ಪಾಪ. ಇವತ್ತೊಂದಿನ ಹಾಕ್ಲಾ?"

ಬೇಡ, ಎಂದೆವು ಎಲ್ಲರೂ, ಒಂದೇ ದನಿಯಲ್ಲಿ.

ಆಯಿ ಬಸಳೆಯ ಕಡೆಗೆ ಹೊರಟರು. ನಾಲ್ಕು ಹೆಜ್ಜೆ ಹೋದವರು ಗಿಡದ ಹತ್ತಿರ ನಿಂತು, ನಮಗೆ ಕೇಳದಿರಲಿ ಎಂದು ದನಿ ತಗ್ಗಿಸಿ ಅದಕ್ಕೆ ಹೇಳಿದರು: "ನಂಗೆ ಮನಸಿತ್ತು. ಇವ್ರು ಬಿಡುದಿಲ್ಲ."